ಹಿತ್ತಲ ನಲ್ಲಿಯ ನೀರು

"ವಾಲ್ವ್ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ," ಎಂದು ಯಶವಂತ್ ಫೋನಿನಲ್ಲಿ ಹೇಳುವಾಗ ಅವನ ಬಲಗೈ ಆ ವಾಲ್ವಿನ ಮೇಲೆಯೇ ಇತ್ತು.

ಅರ್ಧ ಗಂಟೆಯ ಹಿಂದೆಯೇ ಅವನು ಕೆಲಸ ಮುಗಿಸಿದ್ದ. ನೆಲಮಾಳಿಗೆಗೆ ಇಳಿದು, ಹಿತ್ತಲ ನಲ್ಲಿಗೆ ಹೋಗುವ ನೀರು ನಿಲ್ಲಿಸಿ, ಮೇಲೆ ಹೋಗಿ ನಲ್ಲಿ ತೆರೆದಿಟ್ಟು, ಮತ್ತೆ ಕೆಳಗೆ ಬಂದು ವಾಲ್ವಿನ ಪಕ್ಕದ ಪುಟ್ಟ ತಿರುಪು ಸಡಿಲಿಸಿ, ಪೈಪಿನಲ್ಲಿ ಉಳಿದಿದ್ದನ್ನೆಲ್ಲ ಬಕೆಟ್ಟಿಗೆ ಇಳಿಸಿದ್ದ. ಚಳಿಗೆ ಹೆಪ್ಪುಗಟ್ಟಿ ಪೈಪು ಒಡೆಯದಿರಲಿ ಎಂದು ಈ ಪರದೇಶದಲ್ಲಿ ಚಳಿಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಮಾಡುವ ಕೆಲಸ. ನೊಯ್‌ಬಿಬರ್ಗಿನ ಆಫೀಸಿನಲ್ಲಿ ಹಗಲೆಲ್ಲ ಕಂಪ್ಯೂಟರ್ ಚಿಪ್‌ಗಳ ಜೊತೆ ಗುದ್ದಾಡುವ ಇಂಜಿನಿಯರಿಗೆ ಒಂದು ನಲ್ಲಿ ಯಾವ ಲೆಕ್ಕ? ಆದರೆ ಜೂನ್‌ನಿಂದ ಈಚೆಗೆ ಹೆಂಡತಿಗೆ ಫೋನ್ ಮಾಡಲು ಸಿಕ್ಕ ಮೊದಲ ನೆಪ ಇದು. ಕೈಬಿಡಲು ಅವನಿಗೆ ಮನಸ್ಸಾಗಲಿಲ್ಲ.

"ವಾಷಿಂಗ್ ಮೆಷಿನ್ ಹಿಂದ್ಗಡೆ. ನೀಲಿ ಹಿಡಿ," ಎಂದಳು ಡ್ಯೂಸೆಲ್ಡಾರ್ಫಿನಿಂದ ರಚನಾ. "ಐದು ವರ್ಷದಿಂದ ಅದೇ ಮನೇಲಿದೀಯ, ಯಶು."

"ಪ್ರತಿ ವರ್ಷ ನೀನೇ ತಾನೆ ಮಾಡ್ತಿದ್ದಿದ್ದು?"

ಯಶು ಎಂದು ಕರೆಸಿಕೊಂಡು ತಿಂಗಳುಗಳೇ ಆಗಿದ್ದವು.

ಜೂನ್‌ನಲ್ಲಿ ಡ್ಯೂಸೆಲ್ಡಾರ್ಫಿನ ಕೆಲಸದ ಆಫರ್ ಬಂದ ದಿನ ಅವಳು, ಏನು ಮಾಡಲಿ ಎಂದು ಕೇಳಿದ್ದಳು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಹೋಗೋದಾದ್ರೆ ಹೋಗು," ಎಂದಿದ್ದ. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೆಂಡತಿಗೆ ಅಡ್ಡಗಾಲು ಹಾಕಿದವನು ಅನ್ನಿಸಿಕೊಳ್ಳಬಾರದೆಂಬ ದೊಡ್ಡಸ್ತಿಕೆಯಲ್ಲಿ ಅದನ್ನು ನುಂಗಿಕೊಂಡ. ಅವಳಿಗೆ ಅರ್ಥವಾದದ್ದು, ಇವನಿಗೆ ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು. ಹೋದಳು. ಆಮೇಲೆ ಬರೀ ಮೆಸೇಜು: ನಿನಗೆ ಇನ್ಶೂರೆನ್ಸ್‌ನವರ ಕಾಗದ ಬಂದಿದೆ. ಸರಿ, ಕಳಿಸು.

"ತಡಿ ತಡಿ," ಎಂದಳು ರಚನಾ. "ನಿಲ್ಸೋಕೆ ಮುಂಚೆ ಬಿಂದಿಗೆ ತುಂಬಿಸ್ಕೊಂಡ್ಯಾ? ಇವತ್ತು ನೀರು ತುಂಬೋ ಹಬ್ಬ."

ಯಶವಂತ್ ನಾಲಿಗೆ ಕಚ್ಚಿಕೊಂಡ. ನಾಳೆ ಬೆಳಿಗ್ಗೆ ಎಣ್ಣೆಸ್ನಾನ. ಇವತ್ತು ಸಂಜೆ ಹಂಡೆ ತೊಳೆದು ಹೊಸ ನೀರು ತುಂಬಬೇಕು. ಮೈಸೂರಿನಲ್ಲಿ ಅವಳ ತವರಿನ ಬಚ್ಚಲಲ್ಲಿ ಇದು ದೊಡ್ಡ ಸಂಭ್ರಮ. ಇಲ್ಲಿ ಹಬ್ಬವೂ ಚಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಬರುವುದರಿಂದ ಅವಳು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಹಿತ್ತಲ ನಲ್ಲಿಯ ಕೊನೆಯ ನೀರು ತಾಮ್ರದ ಬಿಂದಿಗೆಗೆ, ಆಮೇಲೆ ಪೈಪು ಖಾಲಿ. ಈ ಮಹಾನುಭಾವ ಆ ಕೊನೆಯ ನೀರನ್ನು ಆಗಲೇ ಮೋರಿಗೆ ಸುರಿದಾಗಿತ್ತು.

"ಇನ್ನೂ ಇಲ್ಲ," ಎಂದ.

"ತುಂಬ್ಕೊ, ಆಮೇಲೆ ನಿಲ್ಸು. ನಾನು ಲೈನಲ್ಲೇ ಇರ್ತೀನಿ."

ಅವನು ಸದ್ದಿಲ್ಲದೆ ತಿರುಪು ಬಿಗಿ ಮಾಡಿ ನೀಲಿ ಹಿಡಿಯನ್ನು ತಿರುಗಿಸಿದ. ಮೇಲಿನ ನಲ್ಲಿ ತೆರೆದೇ ಇದೆ ಎಂಬುದು ಮರೆತೇಹೋಗಿತ್ತು. ಖಾಲಿ ಪೈಪಿಗೆ ನೀರು ನುಗ್ಗಿ, ಗೊರಗೊರ ಕೆಮ್ಮಿ, ಗೋಡೆಯೆಲ್ಲ ಅದುರಿತು. ಹಿತ್ತಲಲ್ಲಿ ನೀರು ಧೋ ಎಂದು ಕಲ್ಲಿನ ಮೇಲೆ ಬೀಳತೊಡಗಿತು. ಅವನು ಬಿಂದಿಗೆ ಎತ್ತಿಕೊಂಡು ಓಡಿದ. ಮುಸ್ಸಂಜೆಯ ಚಳಿಯಲ್ಲಿ ಅಂಗಿಯ ತೋಳು ತೊಯ್ದು, ಬೆರಳು ಮರಗಟ್ಟಿ, ಅಂತೂ ಬಿಂದಿಗೆ ತುಂಬಿತು.

"ತುಂಬಿದ ಪೈಪು ಹಾಗೆ ಕೆಮ್ಮಲ್ಲ," ಎಂದಳು ರಚನಾ ಫೋನಿನಲ್ಲಿ. "ಎಲ್ಲಾ ಆಗ್ಲೇ ಮುಗ್ಸಿದ್ದೆ, ಅಲ್ವಾ?"

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಲು ಅವನಿಂದ ಆಗಲಿಲ್ಲ. "ಹೂಂ. ನಿನ್ನ ಧ್ವನಿ ಕೇಳ್ಬೇಕು ಅನ್ನಿಸ್ತು."

"ಅಷ್ಟೇ ಹೇಳ್ಬಹುದಿತ್ತಲ್ಲೋ. ಜೂನಲ್ಲೂ."

"ಹೋಗ್ಬೇಡ ಅನ್ಬೇಕಿತ್ತು. ಬಾಯಿ ಬರ್ಲಿಲ್ಲ, ರಚ್ಚು. ಈ ಮನೇಲಿ ನಂಗೆ ಇರಕ್ಕಾಗ್ತಿಲ್ಲ."

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

"ಮತ್ತೆ ನೀರು ಇಳಿಸ್ಬೇಕಲ್ಲ ಈಗ," ಎಂದಳು. "ರಾತ್ರಿ ನಿಮ್ಮಲ್ಲಿ ಮೈನಸ್ ಆರು ಡಿಗ್ರಿ. ಪೂರ್ತಿ ಇಳಿಯೋವರೆಗೂ ಇರ್ತೀನಿ, ಆಮೇಲೆ ಫೋನ್ ಇಡ್ತೀನಿ."

ಡ್ಯೂಸೆಲ್ಡಾರ್ಫಿನಲ್ಲಿ ಕೂತು ಇಲ್ಲಿಯ ಚಳಿ ಎಷ್ಟೆಂದು ನೋಡಿಟ್ಟುಕೊಂಡಿದ್ದಾಳೆ ಎಂಬುದು ಅವನಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು.

ನೀಲಿ ಹಿಡಿ ತಿರುಗಿಸಿ, ಬಕೆಟ್ ಇಟ್ಟು, ಮಂಡಿಯೂರಿದ. ಮೊದಲ ಸಲ ತಿರುಪು ಪೂರ್ತಿ ಬಿಚ್ಚಿದ್ದರಿಂದ ಒಂದೇ ನಿಮಿಷಕ್ಕೆ ಎಲ್ಲ ಇಳಿದುಹೋಗಿತ್ತು. ಈ ಸಲ ಕಾಲು ಸುತ್ತೂ ತಿರುಗಿಸಲಿಲ್ಲ. ತಿರುಪಿನ ಅಂಚಿನಲ್ಲಿ ಒಂದು ಹನಿ ಕಟ್ಟಿತು, ದಪ್ಪಗಾಯಿತು, ಬಿತ್ತು.

"ಇಳೀತಿದ್ಯಾ?"

"ಇಳೀತಿದೆ. ಸ್ವಲ್ಪ ಸ್ವಲ್ಪ."

"ಇಳೀಲಿ. ಆತುರ ಏನಿಲ್ಲ."

ಅವನು ತಿರುಪನ್ನು ಇನ್ನಷ್ಟು ಬಿಗಿ ಮಾಡಿ, ಫೋನನ್ನು ಬಕೆಟ್ಟಿನ ಪಕ್ಕ ಇಟ್ಟು, ಅದರ ಹತ್ತಿರವೇ ನೆಲದ ಮೇಲೆ ಕೂತ.