ಡ್ರೈಯರ್ ಹಿಂದಿನ ಕೋಣೆ

"ನಿಮ್ಮ ಜನಕ್ಕೆ ಉಸಿರಾಡೋಕೂ ಬರಲ್ವೇನೇ? ಗೋಡೆ ನೋಡು, ಥೂ! ದನದ ಕೊಟ್ಟಿಗೆ ಮಾಡಿಟ್ಟಿದೀಯ."

ಶಾಮಲಾ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಇಂದಿರಾ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಗೋಡೆಯ ಕಪ್ಪು ಬೂಷ್ಟನ್ನು ಉಜ್ಜುತ್ತಿದ್ದಳು. ಬೂಷ್ಟಿನ ಜೊತೆ ಬಣ್ಣವೂ ಸಿಪ್ಪೆಯಾಗಿ ಕೈಗೆ ಬರುತ್ತಿತ್ತು.

"ಅಕ್ಕಾರ, ಇದು ನಮ್ಮ ಉಸರಲ್ರೀ. ಡ್ರೈಯರಿನ ಪೈಪ್ ಕಳಚೇತಿ. ಉಗಿ ಎಲ್ಲಾ ಇಲ್ಲೇ ತುಂಬತೇತಿ."

"ಎದುರು ಮಾತಾಡ್ಬೇಡ. ದಿನಾ ಅದೇನು ಕುದಿಸ್ಕೊಂಡು ತಿಂತೀರೋ! ಅಮೆರಿಕಕ್ಕೆ ಬಂದ್ರೂ ಕೇರಿ ಬುದ್ಧಿ ಹೋಗ್ಲಿಲ್ಲ."

ಅದು ಕ್ಯಾಲಿಫೋರ್ನಿಯಾದ ಪೊವೇಯಲ್ಲಿದ್ದ ಶಾಮಲಾಳ ಮನೆಯ ಗ್ಯಾರೇಜು. ಅರ್ಧಕ್ಕೆ ಪ್ಲೈವುಡ್ ಹೊಡೆದು, ಒಂದು ಕಡೆ ವಾಷಿಂಗ್ ಮೆಷಿನ್, ಬಟ್ಟೆ ಒಣಗಿಸುವ ಡ್ರೈಯರ್ ಇಟ್ಟಿದ್ದರು. ಇನ್ನೊಂದು ಕಡೆ ಇಂದಿರಾ ಮತ್ತು ಅವಳ ಹತ್ತು ವರ್ಷದ ಮಗಳು ಹರಿಣಿ. ದೊಡ್ಡ ಮನೆಯ ನೆಲ ಒರೆಸುವುದು, ಪಾತ್ರೆ, ಬಟ್ಟೆ ಎಲ್ಲಾ ಇಂದಿರಾಳದೇ. ಒಲೆ ಮಾತ್ರ ಮುಟ್ಟುವಂತಿರಲಿಲ್ಲ. ಆ ಮನೆಯವರ ಟವೆಲ್ಲು, ಜೀನ್ಸುಗಳನ್ನು ದಿನವೂ ಅವಳೇ ಡ್ರೈಯರಿಗೆ ತುಂಬುತ್ತಿದ್ದಳು. ಅವುಗಳ ನೀರೇ ಅವಳ ಮಗಳ ಹಾಸಿಗೆಯ ಪಕ್ಕದ ಗೋಡೆಯ ಮೇಲೆ ಹನಿಗಟ್ಟಿ ಇಳಿಯುತ್ತಿತ್ತು. ಕೋಣೆಗೆ ಒಂದು ಕಿಟಕಿಯಿತ್ತು. ಒಳಗೆ ಜನರಿರುವುದು ಬೀದಿಗೆ ಕಾಣಬಾರದೆಂದು ಶಾಮಲಾಳ ಗಂಡ ಗಿರಿಧರ್ ಅದಕ್ಕೆ ಹಲಗೆ ಹೊಡೆದಿದ್ದ.

ಹರಿಣಿಗೆ ಉಬ್ಬಸ ಹತ್ತಿದ್ದು ಈ ಕೋಣೆಗೆ ಬಂದ ಮೇಲೆ. ಗೋಡೆ ಒಣಗಿರಬೇಕು, ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಇನ್‌ಹೇಲರ್ ಎಷ್ಟು ಎಳೆದರೂ ಅಷ್ಟೇ ಎಂದು ಕ್ಲಿನಿಕ್ಕಿನ ನರ್ಸ್ ಕಾಗದದಲ್ಲಿ ಬರೆದುಕೊಟ್ಟಿದ್ದಳು. ಸೊರೆಂಟೊ ವ್ಯಾಲಿಯ ಆಫೀಸಿಗೆ ಹೊರಟಿದ್ದ ಗಿರಿಧರನ ಕಾರಿನ ಬಳಿ ಇಂದಿರಾ ಆ ಕಾಗದ ಹಿಡಿದು ನಿಂತಳು. ಅವನು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಅದನ್ನು ಓದಿದ.

"ಇದು ಪರ್ಮಿಟ್ ಇಲ್ಲದ ರೂಮು. ಸಿಟಿಯವರಿಗೆ ಗೊತ್ತಾದ್ರೆ ಮೊದ್ಲು ಬೀದಿಗೆ ಬೀಳೋಳು ನೀನೇ. ನಿನ್ನ ವೀಸಾ ಮುಗಿದು ಎಷ್ಟು ದಿನ ಆಯ್ತು, ನೆನಪಿದ್ಯಾ? ಜಾಗ ಕೊಟ್ಟಿದೀವಿ, ಬಾಯಿ ಮುಚ್ಕೊಂಡು ಬಿದ್ದಿರು."

ಕಾಗದ ಗಾಜಿನ ಸಂದಿಯಿಂದ ಹೊರಗೆ ಬಿತ್ತು.

ವೀಸಾ ಇದ್ದದ್ದು ಅವಳ ಗಂಡ ಉದಯಶಂಕರನ ಹೆಸರಿನ ಮೇಲೆ. ಲಾಸ್ ಏಂಜಲೀಸಿನ ಹೋಟೆಲೊಂದಕ್ಕೆ ಅಡುಗೆಯವನಾಗಿ ಬಂದಿದ್ದ ಅವನನ್ನು ಕೊರೊನಾ ಒಯ್ದಿತ್ತು. ಕನ್ನಡದವರ ಮನೆಯಲ್ಲವೇ ಎಂದು ನಂಬಿ ಅವಳು ಇಲ್ಲಿಗೆ ಬಂದಿದ್ದಳು.

ಎರಡು ಸಾವಿರದ ಇಪ್ಪತ್ತಮೂರರ ಮಾರ್ಚ್‌ನಲ್ಲಿ ಮಳೆ ಬಿಡದೆ ಹಿಡಿಯಿತು. ಒಂದು ಶನಿವಾರ ಲಾ ಹೋಯಾದಿಂದ ನೆಂಟರು ಬರುವವರಿದ್ದರು. ಬೆಳಗಿನಿಂದ ಡ್ರೈಯರ್ ನಿಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹರಿಣಿಯ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳತೊಡಗಿತು. ಇನ್‌ಹೇಲರನ್ನು ನಾಲ್ಕು ಸಲ ಒತ್ತಿದರೂ ಉಬ್ಬಸ ಇಳಿಯಲಿಲ್ಲ.

"ಅವ್ವಾ... ಐ ಕಾಂಟ್..."

ಇಂದಿರಾ ಓಡಿಹೋಗಿ ಡ್ರೈಯರ್ ಆಫ್ ಮಾಡಿದಳು.

"ಯಾರೇ ನಿಲ್ಸಿದ್ದು?" ಒಳಗಿನಿಂದ ಶಾಮಲಾ ಕೂಗಿದಳು. "ಬೆಡ್‌ಶೀಟ್ ಒಣಗ್ಬೇಕು. ಆನ್ ಮಾಡೇ, ಮುಂಡೇದೇ!"

"ನಿನ್ನ ಬೆಡ್‌ಶೀಟಿಗೆ ಬೆಂಕಿ ಹತ್ತಲಿ! ನನ್ನ ಕೂಸು ಸಾಯಾಕತ್ತೇತಿ ಇಲ್ಲಿ!"

ಗಿರಿಧರನ ಟೂಲ್ ಬಾಕ್ಸಿನಿಂದ ಸುತ್ತಿಗೆ ತೆಗೆದು ಅವಳು ಕಿಟಕಿಯ ಹಲಗೆಗೆ ಬಾರಿಸಿದಳು. ಮೊಳೆಗಳು ಕಿರುಗುಟ್ಟಿದವು. ಎರಡು ಹಲಗೆ ಕಿತ್ತು, ಬಿಗಿದುಹೋಗಿದ್ದ ಕಿಟಕಿಯನ್ನು ಭುಜ ಕೊಟ್ಟು ಸರಿಸಿದಳು. ತಣ್ಣನೆಯ ಗಾಳಿ ನುಗ್ಗಿತು. ಹರಿಣಿ ಆ ಸಂದಿಗೆ ಬಾಯಿಟ್ಟಳು. ನಾಯಿ ಹಿಡಿದು ಹೋಗುತ್ತಿದ್ದ ಎದುರು ಮನೆಯ ಮುದುಕಿ ಕೊಡೆಯಡಿ ನಿಂತು, ಹಲಗೆಗಳ ನಡುವಿನ ಆ ಮುಖವನ್ನು ದಿಟ್ಟಿಸಿದಳು. ಆಮೇಲೆ ಫೋನ್ ತೆಗೆದಳು.

ಉಸಿರು ಹಿಡಿತಕ್ಕೆ ಬರಲು ಒಂದು ಗಂಟೆ ಬೇಕಾಯಿತು.

ಮಂಗಳವಾರ ಸಿಟಿಯಿಂದ ಕಟ್ಟಡ ತಪಾಸಣೆಯ ಅಧಿಕಾರಿ ಬಂದ. ಅವನು ಕಾರಿನಿಂದಿಳಿಯುವ ಮುಂಚೆಯೇ ಗಿರಿಧರ್ ಇಂದಿರಾಳ ಬಳಿ ಬಂದು ದನಿ ತಗ್ಗಿಸಿದ.

"ಇಂದಿರಾ ಅವರೇ, ಇದು ಸ್ಟೋರ್ ರೂಮು, ಬೆಳಿಗ್ಗೆ ಬಂದು ಸಂಜೆ ಹೋಗ್ತೀನಿ ಅಂದ್ಬಿಡಿ. ಪೈಪ್ ನಾಳೇನೇ ರಿಪೇರಿ ಮಾಡಿಸ್ತೀನಿ."

ಎರಡು ವರ್ಷದಲ್ಲಿ ಅವನು ಅವಳಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

ಅಧಿಕಾರಿ ಟಾರ್ಚ್ ಹಿಡಿದು ಗೋಡೆಗೆ ಬೆರಳೊತ್ತಿದ. ಬೆರಳು ಕಪ್ಪಾಯಿತು. ಅವನು ಇಂದಿರಾಳತ್ತ ತಿರುಗಿ ಏನೋ ಕೇಳಿದ.

"ಅವ್ವಾ, ಇಲ್ಲಿ ಯಾರರ ಇರ್ತಾರೇನು ಅಂತ ಕೇಳಾಕತ್ತಾನ," ಎಂದಳು ಹರಿಣಿ. ಮಾತಿನ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡಳು. "ಹೌದು ಅಂದ್ರ... ಇವತ್ತೇ ಖಾಲಿ ಮಾಡ್ಬೇಕಂತ."

ಗಿರಿಧರ್ ಇಂದಿರಾಳನ್ನೇ ನೋಡುತ್ತಿದ್ದ.

"ಹೇಳವಾ," ಎಂದಳು ಇಂದಿರಾ. "ಎರಡು ವರ್ಷ ಆತು, ನಾನೂ ನನ್ನ ಮಗಳೂ ಇದರಾಗ ಅದೀವಿ ಅಂತ ಹೇಳು. ಕಿಟಕಿಗೆ ಹಲಗಿ ಬಡದಾವ ಇಂವಾ ಅಂತನೂ ಹೇಳು."

ಹರಿಣಿ ಹೇಳಿದಳು. ಅಧಿಕಾರಿ ಬರೆದುಕೊಂಡ. ಗಿರಿಧರ್ ಹಲ್ಲು ಕಚ್ಚಿ ಅವಳ ಜಾತಿ ಎತ್ತಿ ಬೈದ. ಕನ್ನಡದಲ್ಲಿ ಬೈದದ್ದರಿಂದ ಅಧಿಕಾರಿಗೆ ಅದು ತಿಳಿಯಲಿಲ್ಲ.

ಸಂಜೆ ಬಾಗಿಲಿಗೆ, ಇಲ್ಲಿ ಯಾರೂ ವಾಸಿಸಕೂಡದೆಂಬ ಕೆಂಪು ಕಾಗದ ಅಂಟಿತು. ತಾಯಿ ಮಗಳು ಎರಡು ತುದಿ ಹಿಡಿದು ಹಾಸಿಗೆಯನ್ನು ಹೊರಗೆಳೆದರು. ಅದರ ಅಡಿಯೆಲ್ಲಾ ಕಪ್ಪಾಗಿತ್ತು. ಬೀದಿಯಲ್ಲಿ ಮಳೆ ಸುರಿಯುತ್ತಿತ್ತು.

"ಅವ್ವಾ, ಎಲ್ಲಿಗೆ?"

"ಮೊದಲ ಹೊರಗ ನಡಿ."