ಗೊಂಬೊನ ಬಾಗಿಲಿಗೆ ಕಟ್ಟಿದ ಹಗ್ಗ

ಕುದುರೆ ಮಂದೆ ಸಾಕಿ ಗುಡಾರಗಳಲ್ಲಿ ಬಾಳುವ ನಮ್ಮ ಕಣಿವೆಯಲ್ಲಿ ಬಾಗಿಲಿಗೆ ಕುದುರೆಗೂದಲ ಹಗ್ಗ ಕಟ್ಟಿದ್ದರೆ ಯಾರೂ ಒಳಗೆ ಕಾಲಿಡುವುದಿಲ್ಲ. ಹಗ್ಗದ ಒಂದು ತುದಿ ಚೌಕಟ್ಟಿಗೆ, ಇನ್ನೊಂದು ತುದಿ ಹೊರಗಿನ ಕಲ್ಲಿನಡಿಗೆ. ಒಳಗೆ ಕಾಯಿಲೆಯವರಿದ್ದಾರೆ, ಬರಬೇಡಿ ಎಂದು ಅದರ ಅರ್ಥ. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಇಪ್ಪತ್ತಾರು ಗುಡಾರಗಳಲ್ಲಿ ನಾಲ್ಕಕ್ಕೆ ಹಗ್ಗ ಬಿದ್ದಿತ್ತು. ನಾಲ್ಕೂ ಕಡೆ ಒಂದೇ ಕಾಯಿಲೆ, ಲಿವರ್ ಕ್ಯಾನ್ಸರ್. ಆದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಾಲ್ಕನೆಯ ಹಗ್ಗ ನನ್ನ ಪಕ್ಕದ ಗೊಂಬೊನ ಬಾಗಿಲಿನದು. ಅವನ ಅಪ್ಪ ಅದರಲ್ಲೇ ಹೋದ, ಅಣ್ಣನೂ ಅದರಲ್ಲೇ ಹೋದ. ಗೊಂಬೊನಿಗೆ ಮಾತ್ರ ಬೇಗ ಗೊತ್ತಾಯಿತು. ರಾಜಧಾನಿಯ ಆಸ್ಪತ್ರೆಯಲ್ಲಿ ಗಡ್ಡೆಯಿದ್ದ ಭಾಗವನ್ನು ತೆಗೆದರು. ಬದುಕಿ ಬಂದ.

ಬಂದವನನ್ನು ಹೆಂಡತಿ ಡೋಲ್ಗೊರ್ ಮಲಗಿಸಿದಳು, ಮತ್ತೆ ಏಳಗೊಡಲಿಲ್ಲ. ಎದ್ದರೆ ಹೊಲಿಗೆ ಬಿಚ್ಚೀತು ಎಂದು ಅವನ ಬೂಟುಗಳನ್ನು ಬಚ್ಚಿಟ್ಟಳು. ಮಾಂಸ ಬಿಡಿಸಿ ಬರೀ ಹಿಟ್ಟಿನ ಗಂಜಿ ಕೊಟ್ಟಳು. ಅವನ ಚಹಾ ಬಟ್ಟಲನ್ನು ಬೇರೆ ಇಟ್ಟಳು. ಅವನ ಕುದುರೆಯನ್ನು ಮಂದೆಗೆ ಬಿಟ್ಟಳು. ಕಡೆಗೆ, ಅವನ ಹೆಸರನ್ನು ಯಾರೂ ಎತ್ತಕೂಡದು ಎಂದಳು. ಹೆಸರು ಕಿವಿಗೆ ಬಿದ್ದರೆ ಸಾವಿಗೆ ದಾರಿ ತಿಳಿಯುತ್ತದೆ ಎಂದು ನಮ್ಮವರ ನಂಬಿಕೆ. ಸತ್ತವರ ಹೆಸರನ್ನೂ ನಾವು ಹೇಳುವುದಿಲ್ಲ. ಇದಕ್ಕೆಲ್ಲ ನಾನೂ ತಲೆಯಾಡಿಸಿದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ತಿಂಗಳು ಕಳೆದವು. ಒಂದು ಬೆಳಿಗ್ಗೆ ನೆಲವೆಲ್ಲ ಹಿಮದ ಹುಡಿಯಿಂದ ಬೆಳ್ಳಗಾಗಿತ್ತು. ಹೊಳೆಯಿಂದ ನೀರು ತಂದ ಡೋಲ್ಗೊರ್ ಗಾಡಿಯನ್ನು ಅಲ್ಲೇ ಬಿಟ್ಟು ನನ್ನ ಬಳಿ ಓಡಿಬಂದಳು.

"ಪಾಗ್ಮಕ್ಕಾ, ಬೇಗ ಬಾ. ನೋಡಿಲ್ಲಿ."

ಅವಳ ಗುಡಾರದ ಸುತ್ತ ಹೆಜ್ಜೆಗಳಿದ್ದವು. ಬಲಕ್ಕೆ ಬಲಕ್ಕೆ, ಎರಡು ಸುತ್ತು. ಎಡಗಾಲನ್ನು ಎಳೆದುಕೊಂಡು ನಡೆದ ಹಾಗಿತ್ತು. ಹಿಮ್ಮಡಿಯ ಗುರುತಿನಲ್ಲಿ ಸಾಲಾಗಿ ಮೂರು ಚುಕ್ಕೆಗಳಿದ್ದವು.

"ಮೂರು ಮೊಳೆ," ಎಂದಳು. "ಜಾರಬಾರ್ದು ಅಂತ ಬೂಟಿಗೆ ಮೂರು ಮೊಳೆ ಹೊಡಿತಿದ್ದೋನು ಯಾರು, ಹೇಳು?"

ಗೊಂಬೊನ ಸತ್ತ ಅಣ್ಣನ ಹೆಸರು ಇಬ್ಬರ ನಾಲಿಗೆಯ ಮೇಲೂ ಇತ್ತು, ಆಡುವಂತಿರಲಿಲ್ಲ.

"ತಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದಾನೆ," ಎಂದು ಅವಳು ಸತ್ತವನ ಶಾಂತಿಗೆಂದು ಹಾಲು ತಂದು ಹೆಜ್ಜೆಗಳ ಮೇಲೆ ಚಿಮುಕಿಸಿದಳು. ಮರುದಿನ ಹೊಸದಾಗಿ ಬಿದ್ದ ಹಿಮದಲ್ಲಿ ನಾಲ್ಕು ಸುತ್ತಿದ್ದವು. ಅದರ ಮರುದಿನ ಆರು. ಅವರ ನಾಯಿ ಒಮ್ಮೆಯೂ ಬೊಗಳಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದದ್ದು. ಅಪರಿಚಿತರಾಗಿದ್ದರೆ ಅದು ಕಣಿವೆಯನ್ನೇ ಎಬ್ಬಿಸುತ್ತಿತ್ತು.

ಆರು ಸುತ್ತು ಕಂಡ ದಿನವೇ ನಮ್ಮ ಕಣಿವೆಯ ಆರೋಗ್ಯ ಕಾರ್ಯಕರ್ತೆ ಖಾಂಡಾ ಮೋಟಾರ್ ಸೈಕಲ್ಲಿನಲ್ಲಿ ಬಂದಳು. ಹಗ್ಗವನ್ನು ದಾಟಿ ಸೀದಾ ಒಳಗೆ ಹೋದಳು. ಅವಳ ಬೆನ್ನ ಹಿಂದೆ ನಾನೂ ನುಗ್ಗಿದೆ.

"ಹಗ್ಗ ಕಾಣ್ಲಿಲ್ವಾ ನಿಂಗೆ?" ಡೋಲ್ಗೊರ್ ರೇಗಿದಳು.

"ಕಾಣ್ತು. ಅದಕ್ಕೇ ಕಾಲು ಎತ್ತಿ ಇಟ್ಟೆ."

ಗೊಂಬೊ ಕಣ್ಣು ಮುಚ್ಚಿ ಮಲಗಿದ್ದ. ತೋಳು ಕಡ್ಡಿಯಾಗಿತ್ತು. ಖಾಂಡಾ ಅವನ ಕಾಲು ಮುಟ್ಟಿ ನೋಡಿ, ಅದು ತೋಳಿನಷ್ಟು ಸೊರಗಿಲ್ಲದ್ದಕ್ಕೆ ಹುಬ್ಬೇರಿಸಿದಳು. ಬೇರೆಯಾಗಿ ಇಟ್ಟಿದ್ದ ಅವನ ಬಟ್ಟಲನ್ನು ತೆಗೆದು, ಅದಕ್ಕೇ ಚಹಾ ಬಗ್ಗಿಸಿಕೊಂಡು ಕುಡಿದಳು. ಡೋಲ್ಗೊರ್ ಬಾಯಿಗೆ ಅಂಗಿಯ ತೋಳು ಅಡ್ಡ ಹಿಡಿದಳು.

"ಅಯ್ಯೋ, ಅಂಟುತ್ತೆ ಕಣೇ!"

"ಬಟ್ಟಲಿಂದ ಯಾವ ಕ್ಯಾನ್ಸರೂ ಅಂಟಲ್ಲ. ಈ ಮನೆಗೆ ಅಂಟಿರೋದು ಹೆಪಟೈಟಿಸ್ ಬಿ ಅನ್ನೋ ವೈರಸ್ಸು. ಅದು ಬರೋದು ರಕ್ತದಿಂದ. ಒಂದೇ ಬ್ಲೇಡಲ್ಲಿ ಅಪ್ಪ ಮಕ್ಕಳು ಗಡ್ಡ ಕೆರ್ಕೊಂಡಿದ್ದು, ಬೇರೆಯವ್ರಿಗೆ ಬಳಸಿದ ಸೂಜೀನೇ ಚುಚ್ಚಿಸ್ಕೊಂಡಿದ್ದು. ಹೆರಿಗೇಲಿ ತಾಯಿಂದ ಮಗೂಗೂ ಬರುತ್ತೆ, ಗಂಡ ಹೆಂಡ್ತಿ ಕೂಡೋದ್ರಿಂದ್ಲೂ ಬರುತ್ತೆ. ವರ್ಷಗಟ್ಲೆ ಸುಮ್ನೆ ಒಳಗೆ ಕೂತಿರುತ್ತೆ, ನೋವೂ ಇಲ್ಲ, ಜ್ವರಾನೂ ಇಲ್ಲ. ಅದರ ಮೇಲೆ ವೋಡ್ಕಾ ಸುರಿದ್ರೆ ಮುಗೀತು. ಪ್ರಪಂಚದಲ್ಲೇ ಲಿವರ್ ಕ್ಯಾನ್ಸರ್ ಅತಿ ಹೆಚ್ಚು ಇರೋ ದೇಶಗಳಲ್ಲಿ ನಮ್ದೂ ಒಂದು. ನಾವು ಮಾತ್ರ ಹಗ್ಗ ಕಟ್ಕೊಂಡು ಕೂತಿದೀವಿ."

"ಇನ್ನೇನು ಮಾಡ್ಲಿ? ಹೊರಗೆ ಅವನು ಸುತ್ತು ಹಾಕ್ತಾ ಇದಾನೆ!" ಎಂದು ಡೋಲ್ಗೊರ್ ಅತ್ತೇಬಿಟ್ಟಳು.

ಹೆಜ್ಜೆಗಳ ಕಥೆ ಕೇಳಿ ಖಾಂಡಾ ನಗಲಿಲ್ಲ. ಆ ರಾತ್ರಿ ನನ್ನ ಗುಡಾರದಲ್ಲೇ ಉಳಿದಳು. ಬೆಳಿಗ್ಗೆ ಡೋಲ್ಗೊರ್ ನೀರಿಗೆ ಹೋಗುವವಳಂತೆ ಹೊರಟು, ಹಿಂದಿನಿಂದ ಸುತ್ತಿ ನಮ್ಮ ಬಳಿ ಬಂದು ನಿಂತಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳ ಗುಡಾರ ಬರೀ ಒಂದು ಕಪ್ಪು ಗುಡ್ಡೆಯಾಗಿ ಕಾಣುತ್ತಿತ್ತು.

ಆಗ ಕೇಳಿಸಿತು. ಕಟಕ್. ಸರ್ರ್. ಕಟಕ್. ಸರ್ರ್. ಹತ್ತಿರ ಬಂತು, ಗುಡಾರದ ಹಿಂದೆ ಹೋಯಿತು, ಮತ್ತೆ ಹತ್ತಿರ ಬಂತು, ಹೀಗೇ ಹಲವು ಸಲ. ಡೋಲ್ಗೊರ್ ಚಿಮುಕಿಸಲು ತಂದಿದ್ದ ಹಾಲಿನ ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು.

"ಹೆಸರು ಕರಿ," ಎಂದು ಖಾಂಡಾ ಪಿಸುಗುಟ್ಟಿದಳು.

"ಸತ್ತೋನ ಹೆಸರಾ?"

"ಬದುಕಿರೋನ್ದು."

ಡೋಲ್ಗೊರ್ ಮಂಜಿನತ್ತ ಒಂದು ಹೆಜ್ಜೆ ಇಟ್ಟಳು. "ಗೊಂಬೊ?" ಎಂದಳು.

ಹೆಜ್ಜೆ ನಿಂತಿತು. "ಹೂಂ," ಎಂದಿತು ಮಂಜು. "ಏಳನೇ ಸುತ್ತು. ಎಣಿಕೆ ತಪ್ಪಿಸ್ಬೇಡ."

ಅವನು ಗುಡಾರದ ಸುತ್ತ ಬಿಗಿದ ಹಗ್ಗ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ. ಕಾಲಲ್ಲಿ ಅಣ್ಣನ ಬೂಟು, ಎಡಗಾಲಿನದು ಸಡಿಲವಾಗಿ ಜಾರುತ್ತಿತ್ತು. ನಾಯಿ ಅವನ ಪಕ್ಕದಲ್ಲೇ ಬಾಲ ಆಡಿಸುತ್ತಿತ್ತು.

"ನನ್ ಬೂಟು ನೀ ಬಚ್ಚಿಟ್ಟೆ, ಪೆಟ್ಟಿಗೆ ಅಡೀಲಿ ಅಣ್ಣಂದು ಸಿಕ್ತು," ಎಂದ. "ಆಸ್ಪತ್ರೇಲಿ ದಿನಾ ನಡಿ ಅಂದಿದ್ರು. ನೀನು ನೀರಿಗೆ ಹೋದಾಗ ನಡೀತಿದ್ದೆ. ಹೇಳಿದ್ರೆ ಕಟ್ಟಿಹಾಕ್ತಿದ್ದೆ ನೀನು. ಎರಡು ತಿಂಗಳಾಯ್ತು ಡೋಲ್ಗೊರ್, ಒಬ್ರು ನನ್ನ ಹೆಸರು ಕರೆದು. ನಾನು ಸತ್ತೇ ಹೋಗಿದೀನೇನೋ ಅಂತ ನಂಗೇ ಅನುಮಾನ ಬಂದಿತ್ತು."

ಡೋಲ್ಗೊರ್ ಹಾಲಿನ ಪಾತ್ರೆ ಬಿಟ್ಟು ಅವನನ್ನು ಹಿಡಿದುಕೊಂಡಳು. ನಾನು ಅವನ ಕಣ್ಣನ್ನು ನೋಡಲಾರದೆ ಬೂಟನ್ನು ನೋಡುತ್ತ ನಿಂತೆ.

"ಆಪರೇಷನ್ ಅರ್ಧ ಕೆಲಸ," ಎಂದಳು ಖಾಂಡಾ. "ಮಲಗಿದ್ರೆ ಕಾಲಿನ ಮಾಂಸ ಕರಗುತ್ತೆ. ಡಾಕ್ಟರ್ ಹೇಳಿದಷ್ಟು ನಡೀಬೇಕು, ಮಾಂಸ ಮೊಟ್ಟೆ ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನಬೇಕು, ವೋಡ್ಕಾ ಮುಟ್ಟಬಾರ್ದು, ತಪ್ಪದೆ ಸ್ಕ್ಯಾನಿಗೆ ಹೋಗ್ಬೇಕು. ಮತ್ತೆ ಜನ ಬೇಕು. ಬೈಯೋಕಾದ್ರೂ ಜನ ಬೇಕು."

ಅವತ್ತೇ ಡೋಲ್ಗೊರ್ ಬಾಗಿಲ ಹಗ್ಗ ಬಿಚ್ಚಿದಳು. ಗುಡಾರದಿಂದ ಕುದುರೆ ಕಂಬದವರೆಗೆ ಸೊಂಟದೆತ್ತರಕ್ಕೆ ಬಿಗಿದು ಕಟ್ಟಿದಳು. ಅದನ್ನು ಹಿಡಿದು ಗೊಂಬೊ ನಡೆದ. ವಸಂತದಲ್ಲಿ, ಮಂದೆಯಿಂದ ತಂದು ಕಂಬಕ್ಕೆ ಕಟ್ಟಿದ್ದ ತನ್ನ ಕುದುರೆಯ ಕೊರಳು ಮುಟ್ಟಿದ. ನಾವೆಲ್ಲ ರಕ್ತ ಪರೀಕ್ಷೆ ಮಾಡಿಸಿದೆವು. ನನ್ನಲ್ಲೂ ಆ ವೈರಸ್ ಇತ್ತು, ಸದ್ದಿಲ್ಲದೆ ಕೂತಿತ್ತು. ಈಗ ಮಾತ್ರೆ ನುಂಗುತ್ತೇನೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಹೋಗುತ್ತೇನೆ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಒಮ್ಮೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ. ಹುಟ್ಟಿದ ಮಗುವಿಗೆ ಮೊದಲ ದಿನವೇ ಅದರ ಲಸಿಕೆ ಹಾಕಿಸಿ. ನಿಮ್ಮ ಊರಲ್ಲಿ ಬಾಗಿಲಿಗೆ ಹಗ್ಗ ಕಟ್ಟುವುದಿಲ್ಲವೇನೋ. ಆದರೆ ಕಾಯಿಲೆಯಿಂದ ಎದ್ದುಬಂದವರು ಒಬ್ಬರೇ ಮಲಗಿರುವ ಮನೆ ಯಾವುದೆಂದು ನಿಮಗೆ ಗೊತ್ತು. ಅಲ್ಲಿಗೆ ಹೋಗಿ, ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ, ಹೆಸರು ಹಿಡಿದು ಕರೆಯಿರಿ. ಗೊಂಬೊನ ಅಣ್ಣನ ಹೆಸರು ದಾಷ್. ಅವನು ಕಾಯಿಲೆಯಲ್ಲಿ ಮಲಗಿದ್ದಾಗ ನಾವು ಅವನನ್ನು ಕೂಗಿ ಕರೆಯಲೇ ಇಲ್ಲ. ಈಗ ಕರೆದರೆ ಓಗೊಡುವವರಿಲ್ಲ.