ಮೂರನೆಯ ಬೇಸು ಯಾರದು

ದೊಡ್ಡಪ್ಪ ಹೆಬ್ಬೆರಳೆತ್ತಿ "ಔಟ್" ಅಂದದ್ದೂ, ಅವಳು ಎರಡೂ ಕೈ ಚಾಚಿ "ಸೇಫ್" ಅಂದದ್ದೂ ಒಂದೇ ಗಳಿಗೆಯಲ್ಲಿ. ಮೂರನೆಯ ಬೇಸಿನ ಧೂಳು ಇನ್ನೂ ಇಳಿದಿರಲಿಲ್ಲ. ಜಾರಿಕೊಂಡು ಬಂದಿದ್ದ ಓಟಗಾರ ಮಲಗಿದಲ್ಲಿಂದಲೇ ಒಮ್ಮೆ ಅವರ ಮುಖ, ಒಮ್ಮೆ ಇವಳ ಮುಖ ನೋಡಿದ. ಸುತ್ತ ಕೂತವರೆಲ್ಲ ಎದ್ದು ನಿಂತರು.

ಬೇಸ್‌ಬಾಲ್‌ನಲ್ಲಿ ಓಟಗಾರ ತುಳಿದು ಸುತ್ತಬೇಕಾದ್ದು ನಾಲ್ಕು ಬೇಸು; ಬೇಸು ಮುಟ್ಟುವ ಮೊದಲೇ ಚೆಂಡು ಹಿಡಿದ ಗ್ಲೌಸು ಅವನಿಗೆ ತಾಗಿದರೆ ಔಟ್. ಇಲ್ಲಿದ್ದ ಅಂಪೈರುಗಳು ಇಬ್ಬರೇ. ಬ್ಯಾಟಿನವನ ಹಿಂದೆ ದೊಡ್ಡಪ್ಪ, ಮೈದಾನದ ನಡುವೆ ಹೊಲಿಗೆ ಅಂಗಡಿ ನಡೆಸುವ ಅವರ ತಮ್ಮನ ಮಗಳು. ಹಾಗಾಗಿ ಪ್ರತಿ ಚೆಂಡಿಗೂ ಮೊದಲೇ ಪಾಲು ಮಾಡಿಕೊಳ್ಳುತ್ತಿದ್ದರು. ಮೊದಲ ಬೇಸಿನಲ್ಲಿದ್ದವನು ಮೂರನೆಯದರವರೆಗೆ ಓಡಿದರೆ ದೊಡ್ಡಪ್ಪ ಅಲ್ಲಿಗೆ ಹೋಗಬೇಕು. ಚೆಂಡು ಹೊಡೆದವನು ಅವಳ ಪಾಲು. ದೊಡ್ಡಪ್ಪ ಟೋಪಿ ಮುಟ್ಟಿ ಮೂರು ಬೆರಳು ತೋರಿಸಿದ್ದರು. ಅವಳೂ ಟೋಪಿ ಮುಟ್ಟಿ ಒಪ್ಪಿದ್ದಳು.

ಆದರೂ ಮೂರನೆಯದಕ್ಕೇ ಓಡಿದ್ದಳು. ಮುದುಕರ ಮಂಡಿ ಮುಗೀತು, ಇವತ್ತೊಂದು ಎಡವಟ್ಟಾದರೆ ಇನ್ನು ಅವರನ್ನು ಕರೆಯುವುದಿಲ್ಲ ಎಂದು ಕ್ಲಬ್ಬಿನ ಕಾರ್ಯದರ್ಶಿ ಬೆಳಿಗ್ಗೆ ಅವಳ ಕಿವಿಗೆ ಹಾಕಿದ್ದ. ಈಗ ನೆರಳಿನ ಕುರ್ಚಿಯಲ್ಲಿ ಕೂತು ಏನೋ ಬರೆಯುತ್ತಿದ್ದ. ಮೂವತ್ತು ವರ್ಷದಿಂದ ದೊಡ್ಡಪ್ಪನಿಗೆ ಈ ಮೈದಾನ ಬಿಟ್ಟರೆ ಬೇರೆ ಹುಚ್ಚಿರಲಿಲ್ಲ.

ಒಂದು ರನ್ ಹಿಂದಿದ್ದ ತಂಡದ ನಾಯಕ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದ. "ಒಬ್ರು ಔಟ್ ಅಂತೀರಿ, ಒಬ್ರು ಸೇಫ್ ಅಂತೀರಿ. ನಮ್ಮ ಹುಡುಗನ್ನ ಅರ್ಧ ಇಲ್ಲೇ ಬಿಟ್ಟು ಅರ್ಧ ಕರ್ಕೊಂಡು ಹೋಗ್ಲಾ?"

ದೊಡ್ಡಪ್ಪ ಅವನನ್ನು ದೂರ ನಿಲ್ಲಿಸಿ ಅವಳನ್ನು ಪಕ್ಕಕ್ಕೆ ಕರೆದರು. "ಏನ್ ಕಂಡೆ? ಕಂಡಿದ್ದಷ್ಟೇ ಹೇಳು."

"ತೀರಾ ಹತ್ರ ಇದ್ದೆ, ದೊಡ್ಡಪ್ಪ."

"ಸೂಜಿಗೆ ದಾರ ಪೋಣಿಸೋವಾಗ ಮೂಗಿಗೆ ಒತ್ತಿ ಹಿಡ್ಕೊಂಡ್ರೆ ಕಾಣುತ್ತಾ?"

ಅವಳು ನೆಲ ನೋಡಿದಳು. "ಚೆಂಡು ಹಿಡಿದೋನ ಬೆನ್ನಷ್ಟೇ ಕಂಡಿದ್ದು. ಸುಮ್ನೆ ಊಹೆ ಮೇಲೆ ಹೇಳ್ಬಿಟ್ಟೆ. ನಿಮ್ಮ ಮಂಡಿ ನಂಬ್ಲಿಲ್ಲ."

ದೊಡ್ಡಪ್ಪ ಬಗ್ಗಿ ಮಂಡಿಯ ಧೂಳು ಕೊಡವಿದರು. "ಮಂಡಿ ನಂದು, ನೋವೂ ನಂದು. ಮೂರನೇ ಬೇಸೂ ನಂದೇ."

ಅವಳು ನಡುಮೈದಾನಕ್ಕೆ ಬಂದು ತನ್ನ ತೀರ್ಪು ವಾಪಸು ತೆಗೆದುಕೊಂಡಳು. ನಿಲ್ಲಬಾರದ ಕಡೆ ನಿಂತದ್ದು ತಾನು, ಸರಿಯಾಗಿ ಕಂಡದ್ದು ಅವರಿಗೆ ಎಂದು ನೆರಳಿನ ಕುರ್ಚಿಗೂ ಕೇಳುವ ಹಾಗೆ ಹೇಳಿದಳು. ಶಿಳ್ಳೆ, ಬೈಗುಳ ಎರಡೂ ಬಂದವು. ಓಟಗಾರ ಔಟ್. ಇನ್ನೊಬ್ಬ ಔಟಾದರೆ ಪಂದ್ಯವೇ ಮುಗಿಯಿತು. ಚೆಂಡು ಹೊಡೆದಿದ್ದವನು ಈಗ ಮೊದಲ ಬೇಸಿನಲ್ಲಿದ್ದ. ಮತ್ತೆ ಅದೇ ಪಾಲು. ದೊಡ್ಡಪ್ಪ ಟೋಪಿ ಮುಟ್ಟಿ ಮೂರು ಬೆರಳು ತೋರಿಸಿದರು.

ಮುಂದಿನವನು ಬೀಸಿದ ಏಟಿಗೆ ಚೆಂಡು ಬಲಬದಿಯ ಬೇಲಿಗೆ ಚಿಮ್ಮಿತು. ಓಟಗಾರ ಎರಡನೆಯದನ್ನು ತುಳಿದು ಮೂರನೆಯದಕ್ಕೆ ಬಿದ್ದಂಬೀಳ ಓಡಿದ. ಅವಳ ಕಾಲು ಅತ್ತಲೇ ಎಳೆಯಿತು. ತಡೆದು ನಿಂತಳು. ಅವಳ ಕಣ್ಣು, ಚೆಂಡು ಹೊಡೆದವನ ಬೂಟಿನ ಮೇಲೆ: ಅದು ಮೊದಲ ಬೇಸು ತುಳಿಯಿತು, ಎರಡನೆಯದಕ್ಕೆ ತಿರುಗಿತು. ಬೆನ್ನ ಹಿಂದೆ ಭಾರದ ಹೆಜ್ಜೆ, ದಪದಪ, ಒಂದು ಕಾಲು ಎಳೆದ ಸದ್ದು. ಆಮೇಲೆ ಗಟ್ಟಿಯಾಗಿ ನಿಂತ ಸದ್ದು.

"ಸೇಫ್," ದೊಡ್ಡಪ್ಪನ ಕಂಠ.

ಅವಳು ತಿರುಗಲಿಲ್ಲ. ಮೂರನೆಯದರಿಂದ ಚೆಂಡು ಎರಡನೆಯದಕ್ಕೆ ಹಾರಿ ಬರುತ್ತಿತ್ತು. ಮೂರು ಹೆಜ್ಜೆ ಪಕ್ಕಕ್ಕೆ ಸರಿದಳು. ಚೆಂಡು ಹಿಡಿದ ಗ್ಲೌಸಿಗೂ ಓಡಿ ಬಂದವನ ಕಾಲಿಗೂ ನಡುವಿನ ಬೆಳಕು ಕಂಡಿತು, ಮುಚ್ಚಿಹೋಯಿತು. ಬೂಟಿಗೂ ಬೇಸಿಗೂ ಇನ್ನೂ ಗೇಣು ದೂರ. ಅವಳ ಹೆಬ್ಬೆರಳು ತಾನಾಗಿಯೇ ಎದ್ದಿತು.

ಪಂದ್ಯ ಮುಗಿಯಿತು. ಮೈದಾನ ಹುಚ್ಚೆದ್ದು ಕೂಗಿತು. ಕಾರ್ಯದರ್ಶಿ ಬರೆಯುವುದು ಮರೆತು ಕುರ್ಚಿ ಹತ್ತಿ ನಿಂತಿದ್ದ. ಆಗ ಅವಳು ಹಿಂತಿರುಗಿ ನೋಡಿದಳು. ಮೂರನೆಯ ಬೇಸಿನ ಪಕ್ಕ ದೊಡ್ಡಪ್ಪ ಒಂದೇ ಕಾಲಿಗೆ ಭಾರ ಹಾಕಿ ನಿಂತಿದ್ದರು. ಚಾಚಿದ ಎರಡೂ ಕೈ ಇನ್ನೂ ಇಳಿದಿರಲಿಲ್ಲ.